ಉದ್ಯಾನಶಿಲ್ಪಿ ಕೃಂಬಿಗಲ್

ಒಂದು ಊರಿಗೆ ಕೀರ್ತಿ ಬರುವುದು ಹಲವು ಕಾರಣಗಳಿಂದ. ಕೆಲವಕ್ಕೆ ದೇವಾಲಯದಿಂದ, ಕೆಲವಕ್ಕೆ ಕೋಟೆಯಿಂದ, ಕೆಲವಕ್ಕೆ ಗಣಿಯಿಂದ ಅಥವಾ ಗಿರಣಿಯಿಂದ. ಬೆಂಗಳೂರಿಗೆ ಉದ್ಯಾನನಗರವೆಂಬ ಹೆಸರು ಬಂದುದು ಗಿಡಮರಗಳಿಂದ. ಈ ಹೆಸರು ಕಿವಿಗೆ ಬಿದ್ದಾಗ ನಾವು ಹೈದರಾಲಿಯನ್ನು ನೆನೆಯುತ್ತೇವೆ, ಮೈಸೂರಿನ ಅರಸರನ್ನು ನೆನೆಯುತ್ತೇವೆ, ದಿವಾನರನ್ನು ನೆನೆಯುತ್ತೇವೆ. ನೆನೆಯಬೇಕಾದುದೇ ಸರಿ. ಆದರೆ ಯಾವ ಬೀದಿಯಲ್ಲಿ ಯಾವ ಮರ ನಿಲ್ಲಬೇಕು, ಅದು ಯಾವ ತಿಂಗಳಲ್ಲಿ ಹೂ ಬಿಡುತ್ತದೆ, ಆ ಹೂ ಉದುರುವ ಹೊತ್ತಿಗೆ ಮುಂದಿನ ಬೀದಿಯಲ್ಲಿ ಯಾವುದು ಅರಳಬೇಕು ಎಂದು ಕುಳಿತು ಲೆಕ್ಕ ಹಾಕಿದ ತೋಟಗಾರರೊಬ್ಬರಿದ್ದರು. ಅವರು ನಮ್ಮ ನಾಡಿನವರಲ್ಲ, ನಮ್ಮ ಭಾಷೆಯವರೂ ಅಲ್ಲ. ಆದರೂ ತಮ್ಮ ಬಾಳಿನ ಅರ್ಧಕ್ಕಿಂತ ಹೆಚ್ಚು ಕಾಲವನ್ನು ಈ ನೆಲದಲ್ಲಿ ಕಳೆದು, ಈ ನೆಲದಲ್ಲಿಯೇ ಮಣ್ಣಾದರು. ಅವರೇ ಗುಸ್ತಾವ್ ಹರ್ಮನ್ ಕೃಂಬಿಗಲ್.

ಕೃಂಬಿಗಲ್ ಅವರನ್ನು ಸಸ್ಯವಿಜ್ಞಾನಿಯೆಂದು ಕರೆಯುವುದು ರೂಢಿ. ಆ ಹೆಸರಿಗೆ ಅವರು ಅರ್ಹರೇ. ಆದರೆ ಅವರು ವಿದ್ಯೆ ಕಲಿತದ್ದು ಹೆಚ್ಚಾಗಿ ತೋಟದಲ್ಲಿ, ಮಣ್ಣು ಮುಟ್ಟಿ, ಸಸಿ ಕಿತ್ತು ನೆಟ್ಟು, ಹಿರಿಯ ತೋಟಗಾರರ ಕೈಕೆಳಗೆ ದುಡಿದು. ನಮ್ಮಲ್ಲಿ ತೋಟದ ಕೆಲಸವನ್ನು ವಿದ್ಯೆಯೆಂದು ಎಣಿಸುವವರು ಕಡಮೆ. ಓದು ಬಾರದವನಿಗೆ ಗುದ್ದಲಿ, ಓದು ಬಂದವನಿಗೆ ಲೇಖನಿ ಎಂಬ ಹಂಚಿಕೆ ಮನಸ್ಸಿನಲ್ಲಿ ಬೇರೂರಿದೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಲು ಹತ್ತಿದ ನನ್ನಂಥವರಿಗಂತೂ ಈ ಮಾತು ಮನೆಯಲ್ಲಿಯೂ ಊರಿನಲ್ಲಿಯೂ ಮತ್ತೆ ಮತ್ತೆ ಕೇಳಿಬರುತ್ತದೆ. ಗುದ್ದಲಿಯನ್ನೂ ಲೇಖನಿಯನ್ನೂ ಒಂದೇ ಕೈಯಲ್ಲಿ ಹಿಡಿದ ಈ ಮಹನೀಯರ ಜೀವನ ಅದಕ್ಕಾಗಿಯೇ ನಾವು ತಿಳಿಯತಕ್ಕದ್ದು.

ಕೃಂಬಿಗಲ್ ಅವರು ಜನಿಸಿದ್ದು ೧೮೬೫ನೆಯ ಇಸವಿ ಡಿಸೆಂಬರ್ ೧೮ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಲೋಮನ್ ಎಂಬ ಊರಿನಲ್ಲಿ. ಡ್ರೆಸ್ಡನ್ ನಗರಕ್ಕೆ ಸಮೀಪದ ಈ ಸೀಮೆ ಎಲ್ಬ ನದಿಯ ದಡದ ಮರಳುಗಲ್ಲಿನ ಬೆಟ್ಟಗಳಿಗೆ ಹೆಸರಾದುದು. ವಿಲ್ಸ್‌ಡ್ರುಫ್ ಮತ್ತು ಡ್ರೆಸ್ಡನ್‌ಗಳಲ್ಲಿ ಆರಂಭದ ಓದು ಮುಗಿದ ಮೇಲೆ ಅವರು ಪಿಲ್‌ನಿಟ್ಸ್ ಎಂಬಲ್ಲಿ ತೋಟಗಾರಿಕೆಯ ಶಿಕ್ಷಣ ಪಡೆದರು. ಪಿಲ್‌ನಿಟ್ಸ್ ಸ್ಯಾಕ್ಸನಿಯ ಅರಸರ ಬೇಸಗೆಯ ಅರಮನೆ ಇದ್ದ ಸ್ಥಳ. ಅಲ್ಲಿಯ ಉದ್ಯಾನದಲ್ಲಿ ಜಪಾನಿನಿಂದ ಬಂದ ಒಂದು ಕೆಮೀಲಿಯ ಗಿಡವಿದೆ. ೧೮೦೧ರಲ್ಲಿ ಅದನ್ನು ಬಯಲಿನಲ್ಲಿ ನೆಟ್ಟರು. ಹಿಮ ಬೀಳುವ ಆ ದೇಶದಲ್ಲಿ ಅದು ತಾನಾಗಿ ಬದುಕಲಾರದು. ಪ್ರತಿ ಚಳಿಗಾಲವೂ ಅದರ ಸುತ್ತ ಮನೆ ಕಟ್ಟಿ, ಒಳಗೆ ಬೆಚ್ಚಗಿಟ್ಟು, ಚಳಿ ಕಳೆದ ಮೇಲೆ ಮನೆಯನ್ನು ತೆಗೆಯುತ್ತಿದ್ದರು. ಹೊರಗೆ ಹಿಮವಿದ್ದಾಗಲೇ ಒಳಗೆ ಅದು ಕೆಂಪು ಹೂ ಬಿಡುತ್ತಿತ್ತು. ಆ ಗಿಡ ಇಂದಿಗೂ ಇದೆ. ಪಿಲ್‌ನಿಟ್ಸ್‌ನಲ್ಲಿ ಕಲಿತ ಯಾವ ಹುಡುಗನೂ ಅದನ್ನು ಕಾಣದೆ ಇರಲಾರ. ದೂರದೇಶದ ಗಿಡವೊಂದನ್ನು ತನ್ನ ಊರಿನಲ್ಲಿ ಬದುಕಿಸಬೇಕಾದರೆ ಋತುವನ್ನು ಅರಿಯಬೇಕು ಎಂಬ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಶಿಕ್ಷಣ ಮುಗಿಸಿದ ತರುಣ ಕೆಲಸ ಹುಡುಕಿ ಹೊರಟರು. ೧೮೮೪ರಲ್ಲಿ ಶ್ವೆರಿನ್ ಎಂಬಲ್ಲಿ, ಅನಂತರ ೧೮೮೭ರವರೆಗೆ ಹ್ಯಾಂಬರ್ಗ್ ನಗರದಲ್ಲಿ ದುಡಿದರು. ೧೮೮೮ರಲ್ಲಿ ಕಡಲು ದಾಟಿ ಇಂಗ್ಲೆಂಡಿಗೆ ಬಂದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಮಡಿಗಳನ್ನು ರೂಪಿಸುವ ಕೆಲಸ ಅವರಿಗೆ ದೊರೆಯಿತು. ಬಳಿಕ ಕ್ಯೂ ಎಂಬಲ್ಲಿಯ ರಾಯಲ್ ಸಸ್ಯೋದ್ಯಾನವನ್ನು ಸೇರಿದರು. ಪ್ರಪಂಚದ ಮೂಲೆಮೂಲೆಗಳಿಂದ ಬೀಜಗಳೂ ಸಸಿಗಳೂ ಬಂದು ಸೇರುತ್ತಿದ್ದ, ಅಲ್ಲಿಂದ ಮತ್ತೆ ನಾನಾ ದೇಶಗಳಿಗೆ ಹೋಗುತ್ತಿದ್ದ ಸ್ಥಳ ಅದು. ಸಸ್ಯಗಳ ಮಟ್ಟಿಗೆ ಅದನ್ನು ಆ ಕಾಲದ ದೊಡ್ಡ ಸಂತೆಯೆಂದರೂ ಸಲ್ಲುತ್ತದೆ.

ಹೈಡ್ ಪಾರ್ಕಿನಂಥ ಉದ್ಯಾನದಲ್ಲಿ ಹೂವಿನ ಮಡಿ ಮಾಡುವುದೆಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅವರ ಮುಂದಿನ ಕೆಲಸಕ್ಕೆಲ್ಲ ಬೀಜ ಇಲ್ಲಿಯೇ ಬಿದ್ದಂತೆ ತೋರುತ್ತದೆ. ಚಳಿದೇಶದಲ್ಲಿ ವರ್ಷದ ಕೆಲವು ತಿಂಗಳು ಬಯಲಿನಲ್ಲಿ ಹೂವೇ ಇರುವುದಿಲ್ಲ. ಚಳಿ ಇಳಿಯುತ್ತಲೇ ಮೊದಲು ಗೆಡ್ಡೆಯ ಹೂಗಳು, ಕ್ರೋಕಸ್, ಟ್ಯೂಲಿಪ್ ಮುಂತಾದವು, ನೆಲದಿಂದೇಳುತ್ತವೆ. ಅವು ಮುಗಿಯುವ ಮೊದಲೇ ಬೇಸಗೆಯ ಹೂವಿನ ಸಸಿಗಳು ಗಾಜಿನ ಮನೆಗಳಲ್ಲಿ ಬೆಳೆದು ಸಿದ್ಧವಾಗಿರಬೇಕು. ಬೇಸಗೆ ಕಳೆದರೆ ಡೇಲಿಯ, ಆಸ್ಟರ್‌ಗಳ ಸರದಿ. ಒಂದೇ ಮಡಿಯನ್ನು ವರ್ಷಕ್ಕೆ ಎರಡು ಮೂರು ಬಾರಿ ಕಿತ್ತು ಹೊಸದಾಗಿ ತುಂಬಬೇಕಾಗುತ್ತಿತ್ತು. ನೋಡಲು ಬಂದವನಿಗೆ ಮಡಿ ಯಾವಾಗಲೂ ತುಂಬಿರುವಂತೆ ಕಾಣಬೇಕು. ಇದು ಸಾಧ್ಯವಾಗುವುದು ಮುಂದಾಲೋಚನೆಯಿಂದ ಮಾತ್ರ. ಇಂದು ಅರಳಿದ ಹೂವನ್ನು ತೋಟಗಾರ ಮೂರು ನಾಲ್ಕು ತಿಂಗಳ ಹಿಂದೆಯೇ ಮನಸ್ಸಿನಲ್ಲಿ ಕಂಡಿರಬೇಕು.

೧೮೯೩ರಲ್ಲಿ ಬರೋಡ ಸಂಸ್ಥಾನದ ಮಹಾರಾಜರಾದ ಮೂರನೆಯ ಸಯಾಜಿರಾವ್ ಗಾಯಕವಾಡರು ತಮ್ಮ ಸಂಸ್ಥಾನದ ಉದ್ಯಾನಗಳನ್ನು ನೋಡಿಕೊಳ್ಳಲು ಕೃಂಬಿಗಲ್ ಅವರನ್ನು ಕರೆಸಿಕೊಂಡರು. ವಿದ್ಯೆಗೂ ಕಲೆಗೂ ಆಶ್ರಯವಿತ್ತ ದೊರೆ ಅವರು. ಆಗ ಕೃಂಬಿಗಲ್ ಅವರ ವಯಸ್ಸು ಇಪ್ಪತ್ತೇಳು. ಬರೋಡದಲ್ಲಿ ಅವರು ಕಲಿತಿದ್ದ ಪಂಚಾಂಗವೇ ತಲೆಕೆಳಗಾಯಿತು. ಯೂರೋಪಿನಲ್ಲಿ ಗಿಡಕ್ಕೆ ಶತ್ರು ಚಳಿ. ಇಲ್ಲಿ ಶತ್ರು ಬಿಸಿಲು. ಅಲ್ಲಿ ಬೇಸಗೆ ಬಂತೆಂದರೆ ತೋಟಕ್ಕೆ ಹಬ್ಬ. ಇಲ್ಲಿ ಬೇಸಗೆ ಬಂತೆಂದರೆ ನೆಲ ಕಾದು ಬಿರುಕು ಬಿಡುತ್ತದೆ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಸುರಿದ ಮಳೆಯೇ ವರ್ಷಕ್ಕೆಲ್ಲ ಆಧಾರ. ಇಂಗ್ಲೆಂಡಿನಲ್ಲಿ ಬೇಸಗೆಯಲ್ಲಿ ಬೆಳೆಸುವ ಹೂಗಳನ್ನು ಇಲ್ಲಿ ಚಳಿಗಾಲದಲ್ಲಿ ಬೆಳೆಸಬೇಕು. ಕಡು ಬಿಸಿಲಿನಲ್ಲಿ ಹೂ ಬೇಕೆಂದರೆ ಎಳೆಯ ಸಸಿಗಳ ಮಡಿಯನ್ನು ನಂಬುವುದಕ್ಕಿಂತ ಆಳಕ್ಕೆ ಬೇರಿಳಿಸಿದ ಮರವನ್ನು ನಂಬುವುದೇ ಮೇಲು. ಹದಿನೈದು ವರ್ಷ ಅವರು ಬರೋಡ ಸಂಸ್ಥಾನದ ಸೇವೆಯಲ್ಲಿದ್ದರು.

೧೯೦೮ರಲ್ಲಿ ಅವರು ಮೈಸೂರು ಸಂಸ್ಥಾನಕ್ಕೆ ಬಂದರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ೧೮೭೪ರಿಂದ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನ್ ಅವರು ನಿವೃತ್ತರಾಗಿ, ಆ ಸ್ಥಾನಕ್ಕೆ ಸಮರ್ಥರೊಬ್ಬರು ಬೇಕಾಗಿದ್ದರು. ಲಾಲ್‌ಬಾಗ್ ಆ ಹೊತ್ತಿಗಾಗಲೇ ಹಳೆಯ ತೋಟ. ೧೭೬೦ರಲ್ಲಿ ಹೈದರಾಲಿ ಅದಕ್ಕೆ ಅಡಿಪಾಯ ಹಾಕಿದ; ಟಿಪ್ಪು ಅದನ್ನು ಬೆಳೆಸಿದ. ಕ್ಯಾಮೆರಾನ್ ಅವರ ಕಾಲದಲ್ಲಿ ಪರದೇಶದ ನೂರಾರು ಸಸ್ಯಗಳು ಬಂದು ಸೇರಿದವು. ನಾವು ಸೀಮೆಬದನೆ ಎಂದು ಕರೆದು ಸಾರಿಗೆ ಹಾಕುವ ಕಾಯಿ ಅವರು ತಂದ ಬಳ್ಳಿಯದು. ಗಾಜಿನ ಮನೆಗೆ ೧೮೮೯ರಲ್ಲಿ ಅಸ್ತಿವಾರ ಬಿದ್ದುದೂ ಅವರ ಕಾಲದಲ್ಲಿಯೇ. ಇಂಥ ತೋಟವನ್ನು ಕೃಂಬಿಗಲ್ ಅವರು ವಹಿಸಿಕೊಂಡರು, ಅದನ್ನು ವಿಸ್ತರಿಸಿದರು, ಹೊಸ ಸಸ್ಯಗಳಿಂದ ತುಂಬಿದರು.

ಬೆಂಗಳೂರಿನ ಹವೆ ತೋಟಗಾರನ ಪಾಲಿಗೆ ಒಂದು ಭಾಗ್ಯ. ಸಮುದ್ರಮಟ್ಟದಿಂದ ಸುಮಾರು ೩,೦೦೦ ಅಡಿ ಎತ್ತರದ ಊರು. ಹಿಮ ಬೀಳುವುದಿಲ್ಲ, ಬರೋಡದಂಥ ಉರಿಬಿಸಿಲೂ ಇಲ್ಲ. ನೈಋತ್ಯದ ಮಾರುತ ಒಂದು ಪಾಲು ಮಳೆ ತರುತ್ತದೆ, ಈಶಾನ್ಯದ ಮಾರುತ ಇನ್ನೊಂದು ಪಾಲು ತರುತ್ತದೆ. ನಡುಬೇಸಗೆಯಲ್ಲಿಯೂ ಗುಡುಗಿನ ಮಳೆ ಒಂದೆರಡು ಬಾರಿ ನೆಲವನ್ನು ತಣಿಸುತ್ತದೆ. ಚಳಿದೇಶದ ಗಿಡವೂ ಇಲ್ಲಿ ಬದುಕುತ್ತದೆ, ಬಿಸಿಲುದೇಶದ ಗಿಡವೂ ಬದುಕುತ್ತದೆ. ಆದರೆ ಎಲ್ಲವೂ ಬೆಳೆಯುವ ನೆಲದಲ್ಲಿ ತೋಟಗಾರನಿಗೆ ಬೇರೊಂದು ಕಷ್ಟವಿದೆ. ಯಾವುದು ಬೆಳೆಯುತ್ತದೆ ಎಂಬ ಪ್ರಶ್ನೆ ತೀರಿತು. ಯಾವುದನ್ನು ಬೆಳೆಸಬೇಕು ಎಂಬ ಪ್ರಶ್ನೆ ಉಳಿಯಿತು. ಕೃಂಬಿಗಲ್ ಅವರ ಹಿರಿಮೆಯಿರುವುದು ಈ ಎರಡನೆಯ ಪ್ರಶ್ನೆಗೆ ಅವರು ಕೊಟ್ಟ ಉತ್ತರದಲ್ಲಿ.

೧೮೯೮ರ ಪ್ಲೇಗಿನ ಹಾವಳಿಯ ತರುವಾಯ ಬೆಂಗಳೂರಿನ ಹಳೆಯ ಪೇಟೆಯ ಇಕ್ಕಟ್ಟನ್ನು ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿಗಳಂಥ ಹೊಸ ಬಡಾವಣೆಗಳಿಗೆ ಬರತೊಡಗಿದ್ದರು. ಅಲ್ಲಿ ನೇರವಾದ, ಅಗಲವಾದ ಬೀದಿಗಳಿದ್ದವು. ಬೀದಿಯ ಬದಿಗೆ ಸಾಲುಮರ ನೆಡುವುದು ನಮ್ಮ ನಾಡಿಗೆ ಹೊಸದಲ್ಲ. ಹಿಂದಿನ ಅರಸರು ದಾರಿಹೋಕರ ನೆರಳಿಗೆಂದು ಆಲ, ಅರಳಿ, ಹುಣಿಸೆ, ಮಾವುಗಳನ್ನು ನೆಡಿಸುತ್ತಿದ್ದರು. ಕೃಂಬಿಗಲ್ ಅವರು ಈ ನೆರಳಿಗೆ ಹೂವನ್ನೂ, ಹೂವಿಗೆ ಕಾಲಕ್ರಮವನ್ನೂ ಸೇರಿಸಿದರು. ವರ್ಷದ ಒಂದೊಂದು ಭಾಗದಲ್ಲಿ ಒಂದೊಂದು ಜಾತಿಯ ಮರ ಅರಳುವಂತೆ ಮರಗಳನ್ನು ಆರಿಸಿ, ಬೀದಿಗೊಂದರಂತೆ ಹಂಚುವುದು ಅವರ ಕ್ರಮ. ಇದಕ್ಕೆ ಸರಣಿ ಪುಷ್ಪೋದಯವೆಂದು ನಾವು ಹೆಸರಿಡಬಹುದು. ಹೈಡ್ ಪಾರ್ಕಿನಲ್ಲಿ ಒಂದು ಮಡಿಯನ್ನು ಕಿತ್ತು ಮತ್ತೆ ಮತ್ತೆ ತುಂಬಿ ಸಾಧಿಸುತ್ತಿದ್ದುದನ್ನು, ಇಲ್ಲಿ ಒಂದು ಸಲ ನೆಟ್ಟು ಹಲವು ಹತ್ತು ವರ್ಷ ಉಳಿಯುವ ಮರಗಳಿಂದ, ಅದೂ ಒಂದಿಡೀ ನಗರದಲ್ಲಿ, ಸಾಧಿಸಹೊರಟರು.

ಈ ಕ್ರಮ ಹೇಗೆ ನಡೆಯುತ್ತದೆಂಬುದನ್ನು ತಿಳಿಯಲು ಬೆಂಗಳೂರಿನ ಒಂದು ವರ್ಷವನ್ನು ಮನಸ್ಸಿನಲ್ಲಿ ಸುತ್ತಿ ಬರೋಣ. ಸಂಕ್ರಾಂತಿ ಕಳೆದು ಚಳಿ ಇಳಿಯತೊಡಗಿದಾಗ ಟಬೂಬಿಯಾ ಜಾತಿಯ ಮರಗಳು ಎಲೆ ಉದುರಿಸಿ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಅವುಗಳ ಬೆನ್ನಿಗೆ ಅದೇ ಕುಲದ ಹಳದಿ ಹೂವಿನ ಮರ ಬರುತ್ತದೆ. ಶಿವರಾತ್ರಿಯ ಸುಮಾರಿಗೆ ಊರ ಹೊರಗಿನ ಕಾಡುಗಳಲ್ಲಿ ಮುತ್ತುಗ ಕೆಂಡದಂತೆ ಉರಿಯುತ್ತದೆ. ಮಾರ್ಚ್ ತಿಂಗಳಲ್ಲಿ ಜಕರಂಡ ಬೀದಿಗೆ ನೇರಳೆ ಹಾಸುತ್ತದೆ. ಯುಗಾದಿಯ ಸುಮಾರಿಗೆ ನಮ್ಮ ಹೊಂಗೆ ಹೊಸ ಚಿಗುರೊಡೆದು, ಪುರಿ ಚೆಲ್ಲಿದಂತೆ ನೆಲದ ತುಂಬ ಹೂ ಉದುರಿಸುತ್ತದೆ. ಏಪ್ರಿಲ್ ಮೇ ತಿಂಗಳುಗಳು ಗುಲ್‌ಮೊಹರ್ ಮರದವು. ಅದರ ಜೊತೆಯಲ್ಲಿಯೇ ಪೆಲ್ಟೋಫೋರಮ್ ಎಂಬ ಹಳದಿ ಹೂವಿನ ಮರ, ಚಿನ್ನದ ಗೊಂಚಲು ಇಳಿಬಿಡುವ ಕಕ್ಕೆ, ತುಸು ತಡವಾಗಿ ಹೊಳೆದಾಸವಾಳ.

ಮಳೆ ಹಿಡಿದ ಮೇಲೆ ಮರಗಳಲ್ಲಿ ಹೆಚ್ಚಿನವು ಹೂವಿನ ಚಿಂತೆ ಬಿಟ್ಟು ಎಲೆಯ ಚಿಂತೆಗೆ ಬೀಳುತ್ತವೆ. ಆಗ ಸಂಪಿಗೆಯ ಕಂಪು ಇದೆ. ದಾಸವಾಳ, ಕಾಬಾಳೆ ಮುಂತಾದ ಪೊದೆಗಿಡಗಳಿವೆ. ಗಣೇಶನ ಹಬ್ಬದ ಆಚೀಚೆಗೆ ಹುಡುಗರು ಮೊಗ್ಗು ಹಿಚುಕಿ ನೀರು ಚಿಮ್ಮಿಸಿ ಆಡುವ ನೀರುಕಾಯಿ ಮರ ಕೆಂಪು ಬಟ್ಟಲುಗಳನ್ನು ಎತ್ತಿ ಹಿಡಿಯುತ್ತದೆ. ದೀಪಾವಳಿಯ ವೇಳೆಗೆ ಮಂದಾರ ನಸುನೇರಳೆಯ ಹೂ ತಳೆಯುತ್ತದೆ. ಕಾರ್ತಿಕದ ಚಳಿಯಲ್ಲಿ ಆಕಾಶಮಲ್ಲಿಗೆ ರಾತ್ರಿಯಲ್ಲಿ ಅರಳಿ, ಬೆಳಗಾಗುವಷ್ಟರಲ್ಲಿ ಬಿಳಿಯ ನೀಳ ಹೂಗಳನ್ನು ನೆಲಕ್ಕೆ ಸುರಿದಿರುತ್ತದೆ. ಅಷ್ಟರಲ್ಲಿ ಮತ್ತೆ ಟಬೂಬಿಯಾ ಎಲೆ ಉದುರಿಸಲು ತೊಡಗುತ್ತದೆ. ಹೀಗೆ ಚಕ್ರ ಪೂರ್ತಿಯಾಗುತ್ತದೆ.

ಇಂದು ಬೆಂಗಳೂರಿನಲ್ಲಿ ಕಾಣುವ ಈ ಮರಗಳನ್ನೆಲ್ಲ ಕೃಂಬಿಗಲ್ ಅವರೇ ನೆಡಿಸಿದರೆಂದು ಹೇಳುವುದು ಇತಿಹಾಸಕ್ಕೆ ಅಪಚಾರ. ಅವರಿಗಿಂತ ಮೊದಲೂ ನೆಟ್ಟವರಿದ್ದರು, ಬಹಳವನ್ನು ಅನಂತರದವರು ನೆಟ್ಟರು. ೧೯೮೦ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳುತನದಲ್ಲಿ ನಗರದ ಬೀದಿಗಳಲ್ಲಿ ಲಕ್ಷಗಟ್ಟಲೆ ಸಸಿಗಳು ನೆಡಲ್ಪಟ್ಟವು. ಆದರೆ ಮರವನ್ನು ಅದರ ಹೂವಿನ ತಿಂಗಳು ನೋಡಿ ಆರಿಸಬೇಕೆಂಬ ಬುದ್ಧಿಯನ್ನು ಊರಿಗೆ ಕಲಿಸಿದ ಹಿರಿಯರಲ್ಲಿ ಕೃಂಬಿಗಲ್ ಅವರೇ ಮೊದಲಿಗರೆನ್ನಬಹುದು. ಹಾದಿ ತೋರಿದವರು ಹಾದಿಯ ಉದ್ದಕ್ಕೂ ನಡೆಯಬೇಕಾಗಿಲ್ಲ.

ಬೀದಿಯ ಮರವನ್ನು ಆರಿಸುವಾಗ ಹೂವೊಂದನ್ನೇ ನೋಡಿದರೆ ಸಾಲದು. ಕೊಂಬೆ ಎಷ್ಟು ಅಗಲ ಹರಡುತ್ತದೆ, ಬೇರು ಆಳಕ್ಕಿಳಿಯುತ್ತದೆಯೋ ಮೇಲೆಮೇಲೆ ಹಬ್ಬುತ್ತದೆಯೋ, ಗಾಳಿಗೆ ಮುರಿಯುತ್ತದೆಯೋ ತಡೆಯುತ್ತದೆಯೋ, ಬೇಸಗೆಯಲ್ಲಿ ನೆರಳಿರುತ್ತದೆಯೋ ಬರಿದಾಗಿರುತ್ತದೆಯೋ ಎಂಬುದೆಲ್ಲವನ್ನೂ ಎಣಿಸಬೇಕು. ಮಳೆಮರದಂಥ ಛತ್ರಿಯ ಮರಕ್ಕೆ ವಿಶಾಲವಾದ ಜಾಗ ಬೇಕು. ಇಕ್ಕಟ್ಟಿನ ಬೀದಿಗೆ ಆಕಾಶಮಲ್ಲಿಗೆಯಂತೆ ನೆಟ್ಟಗೆ ಬೆಳೆಯುವುದು ಒಪ್ಪುತ್ತದೆ. ಅಲ್ಲದೆ ಬೀಜ ಬಿತ್ತಿದ ದಿನದಿಂದ ಬೀದಿಗೆ ನೆಡುವ ದಿನದವರೆಗೆ ಸಸಿಯನ್ನು ಸಸಿತೋಟದಲ್ಲಿ ಸಾಕಬೇಕು. ನೆಟ್ಟ ಮೇಲೆ ದನಕರುಗಳಿಂದ ಕಾಯಬೇಕು, ಮೊದಲ ಎರಡು ಮೂರು ಬೇಸಗೆ ನೀರು ಹೊರಬೇಕು. ಈ ಕೆಲಸ ಮಾಡಿದ ತೋಟದ ಮಾಲಿಗಳ ಹೆಸರು ಯಾವ ಚರಿತ್ರೆಯ ಪುಸ್ತಕದಲ್ಲಿಯೂ ನಮಗೆ ಸಿಗುವುದಿಲ್ಲ. ಉದ್ಯಾನನಗರದ ಕೀರ್ತಿಯಲ್ಲಿ ಅವರ ಪಾಲು ಸಣ್ಣದಲ್ಲ.

ಮರಗಳ ಲೆಕ್ಕ ವರ್ಷಗಳದಾದರೆ ಹೂಗಿಡಗಳ ಲೆಕ್ಕ ವಾರಗಳದು. ೧೯೧೨ರಲ್ಲಿ ಮೈಸೂರು ತೋಟಗಾರಿಕೆಯ ಸಂಘ ಸ್ಥಾಪಿತವಾಯಿತು. ಅದರ ಸ್ಥಾಪನೆಗೆ ಕೃಂಬಿಗಲ್ ಅವರು ಕಾರಣರು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಇಂದು ಜನವರಿಯಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ನೋಡುವವರಿಗೆ ಅದು ಕೆಲವು ದಿನಗಳ ಜಾತ್ರೆ. ಬೆಳೆಯುವವರಿಗೆ ಅದು ತಿಂಗಳುಗಳ ತಪಸ್ಸು. ಚೆಂಡುಹೂವಿಗೂ ಜಿನಿಯಕ್ಕೂ ಬಿತ್ತಿದ ದಿನದಿಂದ ಸುಮಾರು ಎರಡು ತಿಂಗಳು ಬೇಕು. ಸಾಲ್ವಿಯ, ಪಿಟೂನಿಯಗಳಿಗೆ ಅದಕ್ಕಿಂತ ಹೆಚ್ಚು. ಎಲ್ಲವೂ ಒಂದೇ ದಿನ ಅರಳಿ ನಿಲ್ಲಬೇಕಾದರೆ ಪ್ರದರ್ಶನದ ದಿನದಿಂದ ಹಿಂದಕ್ಕೆ ಎಣಿಸಿ, ಒಂದೊಂದನ್ನು ಒಂದೊಂದು ದಿನ ಬಿತ್ತಬೇಕು. ಸೇವಂತಿಗೆಯದು ಇನ್ನೂ ಸೂಕ್ಷ್ಮ. ಹಗಲು ಗಿಡ್ಡವಾಗಿ ಇರುಳು ಉದ್ದವಾದಾಗ ಮಾತ್ರ ಅದು ಮೊಗ್ಗು ಕಟ್ಟುತ್ತದೆ. ಆದ್ದರಿಂದಲೇ ಅದು ತಾನಾಗಿ ಅರಳುವುದು ಚಳಿಗಾಲದ ಮುಂಭಾಗದಲ್ಲಿ. ಗಿಡಕ್ಕೆ ಗಡಿಯಾರವಿಲ್ಲ, ಆದರೆ ಹೊತ್ತಿನ ಅರಿವುಂಟು. ಆ ಅರಿವನ್ನು ಅರಿತವನೇ ತೋಟಗಾರ.

ಋತುವಿಗೆ ತಕ್ಕ ಗಿಡವನ್ನು ಆರಿಸುವುದರಲ್ಲಿ ನಮ್ಮ ಮನೆಯಂಗಳಕ್ಕೂ ಪಾಠವಿದೆ. ಮಳೆಗಾಲದ ಆರಂಭಕ್ಕೆ ಕರ್ಣಕುಂಡಲ, ಕೋಳಿಜುಟ್ಟು, ಜಿನಿಯ, ಚೆಂಡುಹೂ. ಮಳೆ ಹಿಂಜರಿಯುವ ಹೊತ್ತಿಗೆ ಬಿತ್ತಿದರೆ ಚಳಿಗಾಲಕ್ಕೆ ಪಿಟೂನಿಯ, ಫ್ಲಾಕ್ಸ್, ಡಯಾಂತಸ್, ಹಾಲಿಹಾಕ್. ಬೇಸಗೆಗೆ ಬಿಸಿಲನ್ನೇ ಬಯಸುವ ಪೋರ್ಚುಲಕ, ಸೂರ್ಯಕಾಂತಿ, ಗೈಲಾರ್ಡಿಯ. ಕೃಂಬಿಗಲ್ ಅವರು ಲಾಲ್‌ಬಾಗಿಗೆ ಮರಗಳನ್ನಷ್ಟೇ ತರಲಿಲ್ಲ. ಇಂಥ ಋತುವಿನ ಹೂಗಿಡಗಳನ್ನೂ ಬಗೆಬಗೆಯ ತಾಳೆಗಳನ್ನೂ ತರಿಸಿ ಬೆಳೆಸಿ ನೋಡಿದರು.

ತೋಟವೆಂದರೆ ಬರಿಯ ಕಣ್ಣಿನ ಸುಖವೆಂದು ಅವರು ಬಗೆಯಲಿಲ್ಲ. ೧೯೧೨ರಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರು ಅವರಿಗೆ ಸ್ನೇಹಿತರು. ನಾಡಿನ ಉತ್ಪತ್ತಿಯನ್ನು ಹೆಚ್ಚಿಸಬೇಕೆಂಬುದು ದಿವಾನರ ಹಂಬಲ. ಅದಕ್ಕೆ ಬೇಕಾದ ಹೊಸ ಬೆಳೆಗಳನ್ನು ತರಿಸಿ ಪರೀಕ್ಷಿಸುವ ಶಕ್ತಿ ಲಾಲ್‌ಬಾಗಿಗಿತ್ತು. ಅಮೆರಿಕದ ಮತ್ತಿತರ ಸಂಸ್ಥೆಗಳೊಡನೆ ಬೀಜ ಸಸಿಗಳ ವಿನಿಮಯ ನಡೆಯಿತು. ರೋಡ್ಸ್ ಹುಲ್ಲು, ರಷ್ಯದ ಸೂರ್ಯಕಾಂತಿ, ಸೋಯಾ ಅವರೆ, ಅಮೆರಿಕದ ಮುಸುಕಿನ ಜೋಳ, ಜಾವಾದ ಅಂಜೂರ, ಫೀಜೋವ ಹಣ್ಣು ಮುಂತಾದುವು ಅವರ ಕಾಲದಲ್ಲಿ ಲಾಲ್‌ಬಾಗಿಗೆ ಬಂದವು. ಇವುಗಳಲ್ಲಿ ಕೆಲವು ಪ್ರಯೋಗಶಾಲೆಯ ಮಡಿಯಲ್ಲಿಯೇ ನಿಂತವು. ಸೂರ್ಯಕಾಂತಿ, ಸೋಯಾ, ಮುಸುಕಿನ ಜೋಳ ಈಗ ಕರ್ನಾಟಕದ ರೈತರು ದೊಡ್ಡ ಪ್ರಮಾಣದಲ್ಲಿ ಬೆಳೆಯುವ ಪೈರುಗಳು. ಇಂದಿನ ವಿಸ್ತಾರಕ್ಕೆ ಮುಂದೆ ಬಂದ ಬೇರೆ ತಳಿಗಳೂ ಬೇರೆ ಕಾರಣಗಳೂ ಇವೆ. ಆದರೂ ಮೊದಲು ಬಿತ್ತಿ ನೋಡಿದವರನ್ನು ಮರೆಯಲಾಗದು.

೧೯೨೬ರಲ್ಲಿ ದಿವಾನರಾದ ಮಿರ್ಜಾ ಇಸ್ಮಾಯಿಲ್ ಅವರು ಊರುಗಳ ಅಂದಚೆಂದದಲ್ಲಿ ಅಪಾರ ಆಸಕ್ತಿಯುಳ್ಳವರು. ಕೃಷ್ಣರಾಜಸಾಗರದ ಕಟ್ಟೆಯ ಕೆಳಗೆ ಬೃಂದಾವನವನ್ನು ನಿರ್ಮಿಸುವ ಕಾರ್ಯ ೧೯೨೭ರಲ್ಲಿ ಆರಂಭವಾಗಿ ೧೯೩೨ರಲ್ಲಿ ಪೂರೈಸಿತು. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ ಮೆಟ್ಟಲು ಮೆಟ್ಟಲಾಗಿ ಇಳಿಯುವ ನೆಲ, ನಡುವೆ ಹರಿಯುವ ನೀರು, ಎರಡೂ ಕಡೆ ಹೂಮಡಿಗಳು. ದಿವಾನರ ಕನಸಿಗೆ ಸಸ್ಯರೂಪ ಕೊಟ್ಟವರಲ್ಲಿ ಕೃಂಬಿಗಲ್ ಅವರು ಮುಖ್ಯರು. ಅದೇ ೧೯೩೨ರಲ್ಲಿ ಅವರು ಸೇವೆಯಿಂದ ನಿವೃತ್ತರಾದರು. ನಿವೃತ್ತಿಯ ನಂತರವೂ ಉದ್ಯಾನಗಳ ಹಾಗೂ ನಗರ ಯೋಜನೆಯ ವಿಷಯದಲ್ಲಿ ಸಲಹೆಗಾರರಾಗಿ ಕೆಲಸ ಮಾಡಿದರು.

ಅವರು ಬಿಟ್ಟುಹೋದ ಸಂಪತ್ತಿನಲ್ಲಿ ಶಿಷ್ಯಪರಂಪರೆಯೂ ಒಂದು. ಲಾಲ್‌ಬಾಗಿನಲ್ಲಿ ತೋಟಗಾರಿಕೆಯ ಶಾಲೆಯನ್ನು ತೆರೆದು ಈ ನೆಲದ ಹುಡುಗರಿಗೆ ವಿದ್ಯೆ ಕಲಿಸಿದರು. ಅವರ ತರುವಾಯ ಆ ಸ್ಥಾನಕ್ಕೆ ಬಂದವರು ಎಚ್. ಸಿ. ಜವರಾಯ. ಅದುವರೆಗೆ ಪರದೇಶದವರು ಕುಳಿತಿದ್ದ ಪೀಠದಲ್ಲಿ ನಮ್ಮವರೊಬ್ಬರು ಕುಳಿತರು. ಅವರ ಅನಂತರದ ಪೀಳಿಗೆಯಲ್ಲಿ ಹಳ್ಳಿಯಿಂದ ಬಂದ ಡಾಕ್ಟರ್ ಎಂ. ಎಚ್. ಮರಿಗೌಡರು ರಾಜ್ಯದ ಜಿಲ್ಲೆಜಿಲ್ಲೆಗಳಿಗೂ ತೋಟಗಾರಿಕೆಯನ್ನು ಹಬ್ಬಿಸಿದರು. ಡ್ರೆಸ್ಡನ್ನಿನ ಪಕ್ಕದ ತೋಟವೊಂದರಲ್ಲಿ ಕಲಿತ ವಿದ್ಯೆ ಹೀಗೆ ನಮ್ಮ ಮಣ್ಣಿನ ಮಕ್ಕಳ ಕೈಗೆ ಬಂತು.

ಕೃಂಬಿಗಲ್ ಅವರ ಬಾಳಿನಲ್ಲಿ ಕಹಿಯೂ ಇತ್ತು. ಅವರು ದುಡಿಯುತ್ತಿದ್ದುದು ಬ್ರಿಟಿಷರ ಅಧೀನದಲ್ಲಿದ್ದ ದೇಶೀಯ ಸಂಸ್ಥಾನದಲ್ಲಿ. ಹುಟ್ಟಿದ್ದು ಬ್ರಿಟಿಷರೊಡನೆ ಎರಡು ಬಾರಿ ಯುದ್ಧ ಹೂಡಿದ ದೇಶದಲ್ಲಿ. ಎರಡನೆಯ ಮಹಾಯುದ್ಧ ಆರಂಭವಾದಾಗ ಭಾರತದಲ್ಲಿದ್ದ ಜರ್ಮನರನ್ನು ಶತ್ರುದೇಶದವರೆಂದು ಬಂಧನದಲ್ಲಿರಿಸಿದರು. ಎಪ್ಪತ್ತು ದಾಟಿದ ಈ ವೃದ್ಧರಿಗೂ ಅದು ತಪ್ಪಲಿಲ್ಲ. ಮೂವತ್ತು ವರ್ಷ ಒಂದು ನಗರದ ಬೀದಿಗಳಿಗೆ ನೆರಳನ್ನೂ ಹೂವನ್ನೂ ಕೊಟ್ಟ ಮನುಷ್ಯನನ್ನು ಅವನ ಹುಟ್ಟೂರಿನ ಹೆಸರು ಹಿಡಿದು ಶತ್ರುವೆಂದು ಬರೆದುಕೊಂಡರು. ಯುದ್ಧ ಎಂಥ ಕುರುಡೆಂಬುದಕ್ಕೆ ಇದೊಂದು ಸಾಕ್ಷಿ. ಬಂಧನ ತೀರಿದ ಮೇಲೂ ಅವರು ಈ ಊರನ್ನು ಬಿಟ್ಟು ಹೋಗಲಿಲ್ಲ. ಇಲ್ಲಿಯೇ ಉಳಿದು, ೧೯೫೬ರ ಫೆಬ್ರವರಿ ೮ರಂದು, ತೊಂಬತ್ತು ತುಂಬಿದ ಮೇಲೆ, ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಹೊಸೂರು ರಸ್ತೆಯ ಕ್ರೈಸ್ತ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ. ಕನ್ನಡನಾಡು ಒಂದಾದುದು ಅದೇ ವರ್ಷದ ನವೆಂಬರಿನಲ್ಲಿ. ಅದನ್ನು ಅವರು ಕಾಣಲಿಲ್ಲ.

ಇಂದಿನ ತಿಳಿವಳಿಕೆಯಿಂದ ನೋಡಿದರೆ ಅವರ ಕಾಲದ ತೋಟಗಾರಿಕೆಯಲ್ಲಿ ಪ್ರಶ್ನಿಸಬೇಕಾದುದೂ ಇದೆ. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂಡ ದಕ್ಷಿಣ ಅಮೆರಿಕದ್ದು, ನೀರುಕಾಯಿ ಆಫ್ರಿಕದ್ದು. ಗುಲ್‌ಮೊಹರ್, ನೀರುಕಾಯಿಗಳ ಕೊಂಬೆ ಮೆದು. ಮುಂಗಾರಿನ ಬಿರುಗಾಳಿಗೆ ಮುರಿದು ಬೀಳುವ ಮರಗಳಲ್ಲಿ ಇವು ಮುಂದು. ನಮ್ಮ ಹಕ್ಕಿಗಳಿಗೂ ಹುಳಹುಪ್ಪಟೆಗಳಿಗೂ ಆಲ, ಹೊಂಗೆ, ಅತ್ತಿಗಳು ಒದಗುವಷ್ಟು ಪರದೇಶದ ಮರಗಳು ಒದಗಲಾರವು. ಆದುದರಿಂದ ದೇಶೀಯ ಮರಗಳಿಗೆ ಮೊದಲ ಮಣೆ ಹಾಕಬೇಕೆನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಕೃಂಬಿಗಲ್ ಅವರ ಕ್ರಮಕ್ಕೆ ಇದರಿಂದ ಕುಂದಿಲ್ಲ. ಮುತ್ತುಗ, ಹೊಂಗೆ, ಕಕ್ಕೆ, ಹೊಳೆದಾಸವಾಳ, ಸಂಪಿಗೆ, ಮಂದಾರ ಎಂದು ನಮ್ಮ ನೆಲದ ಮರಗಳಿಂದಲೇ ವರ್ಷದ ಮಾಲೆಯನ್ನು ಬಹುಮಟ್ಟಿಗೆ ಹೆಣೆಯಬಹುದು. ಹೂವನ್ನು ಬದಲಿಸಿದರೂ ದಾರ ಅವರದೇ.

ಲಾಲ್‌ಬಾಗಿನ ಬಳಿಯ ಒಂದು ರಸ್ತೆಗೆ ಅವರ ಹೆಸರಿದೆ. ಲಾಲ್‌ಬಾಗಿನ ಒಳಗೆ ಅವರ ಹೆಸರಿನ ಒಂದು ಹಳೆಯ ಸಭಾಂಗಣವೂ ಇತ್ತು. ಅದು ಬಹುಕಾಲ ದುರಸ್ತಿಯಿಲ್ಲದೆ ಶಿಥಿಲವಾಗಿ ೨೦೧೭ರಲ್ಲಿ ಕುಸಿದುಬಿತ್ತು. ಬೀದಿಗಳ ಅಗಲೀಕರಣಕ್ಕೆಂದು ಸಾಲುಮರಗಳೂ ಎಷ್ಟೋ ಉರುಳಿವೆ. ಹೆಸರನ್ನು ಕಟ್ಟಡಕ್ಕಿಟ್ಟು ಕಟ್ಟಡವನ್ನು ಮರೆಯುವುದು, ಊರಿಗೆ ಉದ್ಯಾನವೆಂದು ಹೆಸರಿಟ್ಟು ಮರವನ್ನು ಮರೆಯುವುದು, ಎರಡೂ ಒಂದೇ ಬಗೆಯ ಮರೆವು.

ಈ ಮರೆವಿಗೆ ಪರಿಹಾರ ಭಾಷಣದಲ್ಲಿಲ್ಲ. ಪ್ರತಿ ವರ್ಷವೂ ವನಮಹೋತ್ಸವದ ದಿನ ಕಾಲೇಜುಗಳ ಅಂಗಳದಲ್ಲಿ ಸಸಿ ನೆಡುತ್ತೇವೆ. ಯಾವ ಸಸಿ ಸಿಕ್ಕಿತೋ ಅದನ್ನು, ಎಲ್ಲಿ ಜಾಗ ಕಂಡಿತೋ ಅಲ್ಲಿ ನೆಟ್ಟು ಕೈ ತೊಳೆದುಕೊಳ್ಳುತ್ತೇವೆ. ಅದರ ಬದಲು ಒಂದು ಕಾಗದದ ಮೇಲೆ ಹನ್ನೆರಡು ತಿಂಗಳನ್ನು ಬರೆದು, ಒಂದೊಂದರ ಎದುರಿಗೆ ಆಗ ಅರಳುವ ಒಂದು ಮರದ ಅಥವಾ ಗಿಡದ ಹೆಸರನ್ನು ಬರೆದು, ಅನಂತರ ಗುದ್ದಲಿ ಹಿಡಿಯಬಾರದೇಕೆ? ನೆಟ್ಟ ಸಸಿಗೆ ಎರಡು ಬೇಸಗೆ ನೀರು ಹೊರುವ ಹೊಣೆಯನ್ನು ಒಂದೊಂದು ತರಗತಿ ವಹಿಸಿಕೊಳ್ಳಬಾರದೇಕೆ? 

ಬೀಜದಿಂದ ಬೆಳೆಸಿದ ಆಕಾಶಮಲ್ಲಿಗೆ ಹೂ ಬಿಡಲು ಆರೇಳು ವರ್ಷವಾದರೂ ಬೇಕು. ಬಿ.ಎ. ತರಗತಿಯ ಅವಧಿ ಅಷ್ಟು ದೀರ್ಘವಲ್ಲ. ನೆಟ್ಟ ಕೈಗಳು ಊರೂರಿಗೆ ಚದುರಿದ ಮೇಲೆ, ಹೆಸರರಿಯದ ಯಾರೋ ವಿದ್ಯಾರ್ಥಿ ಅದರ ಬಿಳಿಯ ಹೂವನ್ನು ಹೆಕ್ಕಿ ಪುಸ್ತಕದೊಳಗೆ ಇಟ್ಟುಕೊಂಡಾನು. ಮಲ್ಲೇಶ್ವರದಲ್ಲಿಯೂ ಬಸವನಗುಡಿಯಲ್ಲಿಯೂ ಆದದ್ದು ಅದೇ. ಆ ಬೀದಿಗಳ ನೆರಳಿನಲ್ಲಿ ನಡೆದವರಲ್ಲಿ ಹೆಚ್ಚಿನವರು ಕೃಂಬಿಗಲ್ ಅವರ ಹೆಸರನ್ನು ಕೇಳಿದವರಲ್ಲ. ನೆರಳು ಮಾತ್ರ ಎಲ್ಲರಿಗೂ ಸಿಕ್ಕಿತು.